ಅಂಕ ಸಮವಾದ ಕೂಟವನ್ನು ‘ಇತ್ಯರ್ಥ’ಪಡಿಸಬೇಕೇ? ಸ್ಪೀಡ್‌ವೇ ಕುರಿತ ಒಂದು ಪದಪ್ರಶ್ನೆ

ಮಾನ್ಯರೇ,

ಸ್ಪೀಡ್‌ವೇ ಎಂಬ ಮೋಟಾರ್‌ಸೈಕಲ್ ಓಟದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಲೀಗ್‌ನಲ್ಲಿ ಎರಡು ತಂಡಗಳ ಅಂಕ ಸಮವಾದಾಗ ಇನ್ನೊಂದು ಓಟ ಓಡಿಸಿ ಗೆದ್ದವರನ್ನು ಆರಿಸಬೇಕೇ ಎಂಬ ಚರ್ಚೆ ಅದರ ನಡುವೆ ಬರುತ್ತದೆ. ಮೊದಲ ಕರಡಿನಲ್ಲಿ ನಾನು ‘ಸಮಬಲ ಸಾಧಿಸಿದ ಪಂದ್ಯಗಳನ್ನು ನಿರ್ಣಾಯಕ ಓಟದ ಮೂಲಕ ಇತ್ಯರ್ಥಪಡಿಸಬೇಕೇ’ ಎಂದು ಬರೆದಿದ್ದೆ. ಮರುದಿನ ಓದಿ ನೋಡಿದಾಗ ಸಮಬಲ, ನಿರ್ಣಾಯಕ, ಇತ್ಯರ್ಥ ಎಂಬ ಮೂರು ಪದಗಳೂ ಒಂದೇ ಪಕ್ಷದ ಪರವಾಗಿ ವಾದಿಸುತ್ತಿವೆ ಎಂದು ಅನ್ನಿಸಿತು. ಬಲ್ಲವರ ಅಭಿಪ್ರಾಯ ಕೇಳುವ ಮುನ್ನ ನನ್ನ ಅನುಮಾನಗಳನ್ನು ವಿವರವಾಗಿ ಮುಂದಿಡುತ್ತೇನೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ, ಬ್ರೇಕ್ ಇಲ್ಲದ, ಒಂದೇ ಗೇರಿನ, ಮೆಥನಾಲ್ ಕುಡಿಯುವ 500 ಸಿಸಿ ಬೈಕುಗಳ ಮೇಲೆ ನಾಲ್ವರು ಸವಾರರು ಎಡಕ್ಕೆ ತಿರುಗುತ್ತ ನಾಲ್ಕು ಸುತ್ತು ಹಾಕುತ್ತಾರೆ. ಪ್ರತಿ ಓಟದಲ್ಲಿ ತಂಡಕ್ಕೆ ಇಬ್ಬರು. ಮೊದಲು ಬಂದವನಿಗೆ 3 ಅಂಕ, ಆಮೇಲಿನವರಿಗೆ 2, 1, ಕೊನೆಯವನಿಗೆ ಸೊನ್ನೆ. ಬ್ರಿಟನ್ ಮತ್ತು ಪೋಲೆಂಡಿನ ಲೀಗ್‌ಗಳಲ್ಲಿ ಇಂಥ 15 ಓಟಗಳು ಸೇರಿದರೆ ಒಂದು ಮುಖಾಮುಖಿ. ಓಟಕ್ಕೆ ಆರರಂತೆ ಒಟ್ಟು 90 ಅಂಕ. ಆದ್ದರಿಂದ 45–45 ಎಂಬ ಫಲ ಅಪರೂಪವೇನೂ ಅಲ್ಲ.

ಇಲ್ಲಿಯೇ ಎರಡು ಸಣ್ಣ ತೊಡಕುಗಳಿವೆ. ಇಂಗ್ಲಿಷಿನವರು ಈ ಆಟದಲ್ಲಿ ‘ಹೀಟ್’ ಎನ್ನುವುದನ್ನು ನಮ್ಮ ಪತ್ರಿಕೆಗಳ ರೂಢಿಯಂತೆ ‘ಸುತ್ತು’ ಎಂದರೆ, ಟ್ರ್ಯಾಕಿನ ಸುತ್ತಿಗೂ ಅದೇ ಪದವಾಗಿ, ‘ಹದಿನೈದನೆಯ ಸುತ್ತಿನ ಮೂರನೆಯ ಸುತ್ತಿನಲ್ಲಿ’ ಎಂದು ಬರೆಯಬೇಕಾಗುತ್ತದೆ. ಆದ್ದರಿಂದ ಹೀಟ್‌ಗೆ ‘ಓಟ’ವನ್ನೂ ಲ್ಯಾಪ್‌ಗೆ ‘ಸುತ್ತ’ನ್ನೂ ಇಟ್ಟುಕೊಂಡಿದ್ದೇನೆ. ಬಸ್ಸು, ಲಾರಿ, ರೈಲು ಎಲ್ಲವೂ ಓಡುವ ನುಡಿಯಲ್ಲಿ ಬೈಕಿನ ಓಟಕ್ಕೆ ಅಡ್ಡಿ ಇರಲಾರದು. ಇನ್ನು ಇಡೀ ಮುಖಾಮುಖಿಗೆ ಆ ಆಟದವರು ಬಳಸುವ ‘ಮೀಟಿಂಗ್’ ಎಂಬ ಮಾತನ್ನು ‘ಸಭೆ’ ಎಂದು ಕನ್ನಡಿಸಿದ್ದನ್ನು ಒಂದೆಡೆ ಓದಿ ಬೇಸರವಾಯಿತು. ಕ್ರೀಡಾಕೂಟ, ಅಥ್ಲೆಟಿಕ್ಸ್ ಕೂಟ ಎನ್ನುವ ನಮ್ಮ ಬಾಯಿಗೆ ‘ಕೂಟ’ ತಾನಾಗಿ ಒದಗುತ್ತದೆ, ಹಲವು ಓಟಗಳು ಕೂಡಿ ಒಂದು ಫಲ ಎಂಬ ಅರ್ಥವನ್ನೂ ಹೊತ್ತಿರುತ್ತದೆ. ‘ಪಂದ್ಯ’ ಎಂದರೂ ತಪ್ಪಿಲ್ಲ. ಆದರೆ ಪಂದ್ಯ ಕಟ್ಟುವುದೆಂದರೆ ಪಣ ಒಡ್ಡುವುದೆಂದೂ ಅರ್ಥವಿರುವುದರಿಂದ, ಆ ಪದ ಬಂದ ಕೂಡಲೇ ಯಾರೋ ಒಬ್ಬರು ಗೆಲ್ಲಲೇಬೇಕು ಎಂಬ ನಿರೀಕ್ಷೆ ಹುಟ್ಟುತ್ತದೆ.

ಈಗ ಮುಖ್ಯ ಪ್ರಶ್ನೆ. 45–45 ಆದ ಕೂಟವನ್ನು ಏನೆಂದು ಕರೆಯಬೇಕು? ‘ಡ್ರಾ’ ಎಂದರೆ ಕನ್ನಡ ಓದುಗರಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಟೆಸ್ಟ್ ಕ್ರಿಕೆಟ್ಟು. ಅಲ್ಲಿ ಡ್ರಾ ಎಂದರೆ ಸಮಯ ಮುಗಿದು ಆಟ ಅರ್ಧಕ್ಕೆ ನಿಂತಿತು ಎಂದರ್ಥ. ಎಲ್ಲ ಮುಗಿದು ರನ್ನುಗಳು ಸಮವಾದರೆ ಅದು ‘ಟೈ’. 1986ರಲ್ಲಿ ಮದರಾಸಿನ ಚೆಪಾಕಿನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ಆದದ್ದು ಅದೇ. ಫುಟ್‌ಬಾಲಿನಲ್ಲಾದರೆ ಪೂರ್ತಿ ಆಡಿ ಸಮವಾದದ್ದೇ ಡ್ರಾ. ಸ್ಪೀಡ್‌ವೇ ಕೂಟದಲ್ಲಿ ಹದಿನೈದೂ ಓಟಗಳು ಮುಗಿದಿರುತ್ತವೆ, ಯಾವ ಅಂಕವೂ ಬಾಕಿ ಇರುವುದಿಲ್ಲ. ಇದನ್ನು ಡ್ರಾ ಎಂದರೆ ಕ್ರಿಕೆಟ್ಟಿನ ಕಿವಿಗೆ ಅಪೂರ್ಣವೆಂದು ಕೇಳಿಸುತ್ತದೆ. ಟೈ ಎಂದರೆ, ಸೂಪರ್ ಓವರ್ ಬಂದ ಮೇಲಿನ ಕಾಲದಲ್ಲಿ, ಇನ್ನೇನೋ ಆಗಬೇಕಿದೆ ಎಂದು ಕೇಳಿಸುತ್ತದೆ.

‘ಸಮಬಲ’ವಂತೂ ನನಗೆ ಈಗ ಒಪ್ಪಿಗೆಯಿಲ್ಲ. ಅಂಕ ಸಮವಾಗುವುದು ಬೇರೆ, ಬಲ ಸಮವಾಗುವುದು ಬೇರೆ. ಸ್ಪೀಡ್‌ವೇಯಲ್ಲಿ ಪ್ರತಿ ಊರಿನ ಟ್ರ್ಯಾಕಿನ ಉದ್ದ, ತಿರುವಿನ ಅಗಲ, ಮಣ್ಣಿನ ಹದ ಬೇರೆಬೇರೆ. ಆ ಊರಿನ ಸವಾರರಿಗೆ ಯಾವ ತಿರುವಿನಲ್ಲಿ ಹಿಡಿತ ಸಿಗುತ್ತದೆ, ಯಾವ ಜಾಗದಲ್ಲಿ ಚಕ್ರ ಜಾರುತ್ತದೆ ಎಂಬುದು ಮೈಗೆ ಗೊತ್ತಿರುತ್ತದೆ. ಅಂಥ ಪರಊರಿಗೆ ಬಂದು 45 ಅಂಕ ಗಳಿಸಿದ ತಂಡ ಆತಿಥೇಯರಿಗಿಂತ ಒಂದು ಕೈ ಮೇಲೆ ಎಂದೇ ಆಟ ಬಲ್ಲವರು ಲೆಕ್ಕ ಹಾಕುತ್ತಾರೆ. ಅದನ್ನು ಸಮಬಲ ಎಂದರೆ ಪದವೇ ಸುಳ್ಳು ಹೇಳಿದಂತಾಗುತ್ತದೆ. ‘ಕೂಟ ಸಮವಾಯಿತು’, ‘ಅಂಕ ಸಮವಾಯಿತು’ ಎಂಬ ಬರಿಯ ಮಾತು ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿದ್ದಾಗ ನೋಡಿದ ಒಂದು ಕೂಟ ನೆನಪಿಗೆ ಬರುತ್ತದೆ. ಅಲ್ಲಿನ ಪ್ರೇಕ್ಷಕರು ಕೈಯಲ್ಲಿ ಒಂದು ಸಣ್ಣ ಪುಸ್ತಿಕೆ ಹಿಡಿದು, ಪ್ರತಿ ಓಟ ಮುಗಿದಂತೆ ಚೌಕದೊಳಗೆ ಅಂಕ ಬರೆದುಕೊಳ್ಳುತ್ತಾರೆ. ಆತಿಥೇಯರಿಗೆ ಕೆಂಪು ಮತ್ತು ನೀಲಿ ಹೆಲ್ಮೆಟ್ಟು, ಬಂದವರಿಗೆ ಬಿಳಿ ಮತ್ತು ಹಳದಿ. ಕೊನೆಯ ಓಟಕ್ಕೆ ಮೊದಲು ಆತಿಥೇಯರು ನಾಲ್ಕು ಅಂಕ ಮುಂದಿದ್ದರು. ಓಟ ಶುರುವಾಗುವ ಗೆರೆಗೆ ಅಡ್ಡ ಕಟ್ಟಿದ ಟೇಪು ಮೇಲೆದ್ದಿತು, ಮೊದಲ ತಿರುವಿನಲ್ಲಿಯೇ ಬಿಳಿ, ಹಳದಿ ಎರಡೂ ಮುಂದಾದವು, ಬೇಲಿಯ ಹತ್ತಿರ ನಿಂತಿದ್ದ ನಮ್ಮ ಕೋಟಿನ ಮೇಲೆ ಹಸಿ ಮಣ್ಣು ಸಿಡಿಯಿತು, ಬಂದವರ ಪರ 5–1. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಡುಗುವ ಕೈಯಲ್ಲಿ ಹದಿನೈದನೆಯ ಚೌಕ ತುಂಬಿ, ಕೆಳಗೆ 45, 45 ಎಂದು ಬರೆದು, ಪೆನ್ನಿಗೆ ಮುಚ್ಚಳ ಹಾಕಿದರು. ಆ ಪುಟದಲ್ಲಿ ಹದಿನಾರನೆಯ ಚೌಕ ಇರಲಿಲ್ಲ. ಬಂದ ತಂಡದ ಬೆಂಬಲಿಗರು ಗೆದ್ದಷ್ಟೇ ಸಂತೋಷದಿಂದ ಕೂಗುತ್ತಿದ್ದರು. ಅಲ್ಲಿ ಇತ್ಯರ್ಥವಾಗದೆ ಉಳಿದದ್ದು ಏನಾದರೂ ಇತ್ತು ಎಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ.

ಆದ್ದರಿಂದಲೇ ‘ಇತ್ಯರ್ಥ’ದ ಬಗ್ಗೆ ನನ್ನ ತಕರಾರು. ಕನ್ನಡದಲ್ಲಿ ಇತ್ಯರ್ಥವಾಗುವುದು ಪ್ರಕರಣ, ವ್ಯಾಜ್ಯ, ಬಾಕಿ ಅರ್ಜಿ. ಆ ಕ್ರಿಯಾಪದ ಹಚ್ಚಿದೊಡನೆ ಸಮವಾದ ಕೂಟ ಒಂದು ಬಗೆಹರಿಯದ ತಂಟೆಯಾಗಿಬಿಡುತ್ತದೆ. ‘ಬಗೆಹರಿಸು’ ಎಂದರೂ ಅದೇ ಕಥೆ. ಇಂಗ್ಲಿಷಿನ ‘ಸೆಟಲ್’ ಎಂಬ ಮಾತಿಗೂ ಈ ವಾಲಿಕೆ ಇದೆ, ಆದರೆ ನಮ್ಮ ಪದದ ಮೇಲೆ ಕಚೇರಿ, ಕೋರ್ಟುಗಳ ನೆರಳು ಇನ್ನೂ ದಟ್ಟವಾಗಿದೆ.

ಹೆಚ್ಚಿನ ಓಟಕ್ಕೆ ಯಾವ ಹೆಸರು ಎಂಬುದು ಕೊನೆಯ ತೊಡಕು. ‘ಮರುಓಟ’ ಒದಗುವುದಿಲ್ಲ, ಏಕೆಂದರೆ ಸವಾರ ಬಿದ್ದು ಓಟ ನಿಂತಾಗ ಅದೇ ಓಟವನ್ನು ಮತ್ತೆ ಓಡಿಸುವ ನಿಯಮಕ್ಕೆ ಆ ಪದ ಬೇಕು. ‘ನಿರ್ಣಾಯಕ ಓಟ’ ಸರಿಯಾಗಿ ಕೂರುವುದು ವೈಯಕ್ತಿಕ ಪ್ರಶಸ್ತಿಯ ಸಂದರ್ಭದಲ್ಲಿ. 1973ರಲ್ಲಿ ಪೋಲೆಂಡಿನ ಹೋಜೂಫ್‌ನಲ್ಲಿ ನಡೆದ ವಿಶ್ವ ಫೈನಲಿನಲ್ಲಿ ಪೋಲೆಂಡಿನ ಯೆಜಿ ಶ್ಚಾಕೆಲ್ ಮತ್ತು ನ್ಯೂಜಿಲೆಂಡಿನ ಐವನ್ ಮೌಗರ್ ಇಬ್ಬರೂ 13 ಅಂಕಗಳಲ್ಲಿ ನಿಂತರು. ಇಬ್ಬರಷ್ಟೇ ಓಡಿದ ಆ ಓಟದಲ್ಲಿ ಮೌಗರ್ ಬಿದ್ದರು, ಶ್ಚಾಕೆಲ್ ವಿಶ್ವ ಚಾಂಪಿಯನ್ ಆದರು. ಕಿರೀಟ ಒಂದೇ, ತಲೆ ಎರಡು. ಅಲ್ಲಿ ನಿರ್ಣಯ ಬೇಕೇ ಬೇಕು.

ಲೀಗ್ ಕೂಟದ ಸಂಗತಿ ಹಾಗಲ್ಲ. ಪಟ್ಟಿಯಲ್ಲಿ ಸಮಫಲಕ್ಕೂ ಒಂದು ಬೆಲೆ ಇಡಬಹುದು. ಎರಡು ಊರುಗಳ ಎರಡು ಕೂಟಗಳ ಅಂಕ ಕೂಡಿಸಿ, ಮೇಲಾದವರಿಗೆ ಬೋನಸ್ ಅಂಕ ಕೊಡುವ ಪದ್ಧತಿ ಪೋಲೆಂಡಿನ ಲೀಗ್‌ನಲ್ಲಿ ಇದೆ. ಬ್ರಿಟನ್ನಿನ ಉನ್ನತ ದರ್ಜೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ‘ಸೂಪರ್ ಹೀಟ್’ ಎಂಬ ಹೆಸರಿನಿಂದ ಹದಿನಾರನೆಯ ಓಟವನ್ನು ತಂದಿದ್ದಾರೆ. ಪ್ರೇಕ್ಷಕರಿಗೆ ಅದು ರೋಚಕವೆಂಬುದನ್ನು ಒಪ್ಪುತ್ತೇನೆ. ಆದರೆ ಎರಡನೆಯ ಓಟದಲ್ಲಿ ಮೀಸಲು ಸವಾರನೊಬ್ಬ ಹೆಣಗಿ ತಂದ ಒಂದು ಅಂಕವೂ ಸೇರಿ ಆದ, ತಂಡದ ಏಳೂ ಸವಾರರ ಲೆಕ್ಕವನ್ನು, ಕೊನೆಗೆ ತಂಡದ ಘಟಾನುಘಟಿಗಳು, ಅದೂ ಆತಿಥೇಯರ ಟ್ರ್ಯಾಕಿನಲ್ಲಿ, ಒಂದು ನಿಮಿಷದಲ್ಲಿ ತಿದ್ದುವುದು ಸರಿಯೆಂದು ನನಗೆ ತೋರುವುದಿಲ್ಲ. ಲೆಕ್ಕದ ತೊಡಕೂ ಇದೆ: ಒಂದು ತಂಡ ಮೊದಲ ಮತ್ತು ನಾಲ್ಕನೆಯ ಸ್ಥಾನ, ಇನ್ನೊಂದು ಎರಡು ಮತ್ತು ಮೂರನೆಯ ಸ್ಥಾನ ಪಡೆದರೆ 3–2–1–0 ಎಣಿಕೆಯಲ್ಲಿ ಮತ್ತೆ 3–3. ರಾಷ್ಟ್ರಗಳ ಜೋಡಿಸ್ಪರ್ಧೆಯಾದ ಸ್ಪೀಡ್‌ವೇ ಆಫ್ ನೇಷನ್ಸ್‌ನಲ್ಲಿ ಬಳಕೆಗೆ ಬಂದಿರುವ 4–3–2–0 ಎಣಿಕೆಯಲ್ಲಾದರೆ ಅದೇ ಓಟ 4–5 ಆಗುತ್ತದೆ, ಸಮವಾಗುವ ದಾರಿಯೇ ಮುಚ್ಚುತ್ತದೆ. ಅಂದರೆ ಒಂದು ಓಟ ನಿರ್ಣಯ ಕೊಡುವಂತಾಗಲು ಅಂಕದ ನಿಯಮವನ್ನೂ ಬದಲಿಸಬೇಕು, ಇಲ್ಲವೇ ಮೊದಲು ಬಂದವನ ತಂಡವೇ ಗೆದ್ದಂತೆ ಎಂದು ಬೇರೆ ಕಟ್ಟಳೆ ಮಾಡಬೇಕು.

ಈ ಕಾರಣಗಳಿಂದ ಲೀಗ್ ಕೂಟದ ಮಟ್ಟಿಗೆ ‘ಹೆಚ್ಚುವರಿ ಓಟ’ ಎಂದೇ ಬರೆಯಲು ಬಯಸುತ್ತೇನೆ. ಮುಗಿದ ಲೆಕ್ಕದ ಮೇಲೆ ಸೇರಿಸಿದ್ದು ಎಂಬ ಅರ್ಥ ಅದರಲ್ಲಿ ಬಚ್ಚಿಟ್ಟುಕೊಳ್ಳದೆ ಕಾಣುತ್ತದೆ. ತಿದ್ದಿದ ವಾಕ್ಯ ಹೀಗಿದೆ: ‘ಅಂಕ ಸಮವಾದ ಲೀಗ್ ಕೂಟದ ಕೊನೆಗೆ ಒಂದು ಹೆಚ್ಚುವರಿ ಓಟ ಓಡಿಸಿ ಗೆದ್ದವರನ್ನು ಆರಿಸಬೇಕೇ?’ ಇದರಲ್ಲಿಯೂ ವಾಲಿಕೆ ಕಂಡರೆ ತಿಳಿಸಬೇಕು. ಜೊತೆಗೆ ಕರಾವಳಿಯವರಲ್ಲಿ ಒಂದು ವಿಶೇಷ ಕೋರಿಕೆ. ಕಂಬಳದ ಜೋಡುಕರೆಯಲ್ಲಿ, ಅಂದರೆ ಅಕ್ಕಪಕ್ಕದ ಎರಡು ಕೆಸರಿನ ಓಟದ ಹಾದಿಗಳಲ್ಲಿ, ಎರಡು ಜೋಡಿ ಕೋಣಗಳು ಒಟ್ಟಿಗೇ ಮಂಜೊಟ್ಟಿ, ಅಂದರೆ ಓಟ ಮುಗಿಯುವ ತುದಿ, ಮುಟ್ಟಿದವು ಎಂದು ಕಂಡಾಗ ಓಡಿಸುವವರು, ತೀರ್ಪುಗಾರರು, ಕರೆಯ ದಂಡೆಯಲ್ಲಿ ನಿಂತವರು ಅದನ್ನು ಯಾವ ಮಾತಿನಿಂದ ಕರೆಯುತ್ತಾರೆ, ಮತ್ತೆ ಓಡಿಸುವುದಾದರೆ ಆ ಓಟಕ್ಕೆ ಬೇರೆ ಹೆಸರು ಇದೆಯೇ ಎಂಬುದನ್ನು, ತುಳುವಿನ ಮಾತಾದರೂ ಸರಿ, ಕೇಳಿದಂತೆಯೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.