ಅಜ್ಜನ ಎರಡು ಪೆಗ್ಗು, ಮೊಮ್ಮಗನ ಶನಿವಾರದ ಬಿಯರು: ಬದಲಾದದ್ದು ವಯಸ್ಸೋ, ಕಾಲವೋ?

ಪ್ರಶ್ನೆ (ಬದಿಯಡ್ಕದ ಕೃಷಿಕ)

ನಮ್ಮ ತಂದೆಯವರಿಗೆ 70 ದಾಟಿದೆ. ಪ್ರಾಯದಲ್ಲಿ ತೋಟದ ಕೆಲಸ ಮುಗಿಸಿ ಸಂಜೆ ಕಳ್ಳಿನಂಗಡಿಗೆ ಹೋಗುತ್ತಿದ್ದವರು, ಮುಂದೆ ಸಾರಾಯಿಗೆ ಹೊರಳಿ, 1996ರಲ್ಲಿ ಕೇರಳ ಸರಕಾರ ಸಾರಾಯಿಯನ್ನು ನಿಷೇಧಿಸಿದ ಮೇಲೆ ಬ್ರಾಂದಿಗೆ ಬಂದು ನಿಂತರು. ಈಗ ರಾತ್ರಿ ಊಟಕ್ಕೆ ಮುಂಚೆ ಎರಡು ಪೆಗ್ಗು ಮಾತ್ರ. ಆದರೂ ಕಳೆದ ಮಳೆಗಾಲದಲ್ಲಿ ನಡುರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕುಡಿತದ ಮಾತೆತ್ತಿದರೆ, "ಇದರ ನಾಲ್ಕರಷ್ಟು ಕುಡಿದು ಗದ್ದೆಹುಣಿಯ ಮೇಲೆ ನೆಟ್ಟಗೆ ನಡೆದು ಬಂದವನು ನಾನು" ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ ವಾರವಿಡೀ ಮುಟ್ಟುವುದಿಲ್ಲ, ಶನಿವಾರ ಗೆಳೆಯರೊಡನೆ ಬಿಯರು ಕುಡಿಯುತ್ತಾನೆ. ತಾನೇ ಮಿತವಾಗಿ ಕುಡಿಯುವವನೆಂದು ಇಬ್ಬರೂ ವಾದಿಸುತ್ತಾರೆ. ಕುಡಿಯದ ನಾನು ನಡುವೆ ತೀರ್ಪುಗಾರ. ವಯಸ್ಸಾದಂತೆ ಕುಡಿತ ತಾನಾಗಿ ತಗ್ಗುತ್ತದೆಯೇ? ಹೊಸ ತಲೆಮಾರಿನ ರೀತಿ ನಿಜಕ್ಕೂ ಬೇರೆಯೇ? ತಿಳಿದವರು ಹೇಳಬೇಕು.

ಉತ್ತರ (ಕುಂಬಳೆಯ ದಾದಿ)

ತಮ್ಮ ತಂದೆಯವರು ಹೇಳುವುದು ಸುಳ್ಳಲ್ಲ, ಆದರೆ ಅದು ಅವರ ಹಳೆಯ ದೇಹದ ಮಾತು. ವಯಸ್ಸಾದಂತೆ ಸ್ನಾಯು ಕರಗಿ ದೇಹದಲ್ಲಿ ನೀರಿನ ಪಾಲು ಕಡಿಮೆಯಾಗುವುದರಿಂದ, ಅಷ್ಟೇ ಮದ್ಯ ಕುಡಿದರೂ ರಕ್ತದಲ್ಲಿ ಅದರ ಸಾಂದ್ರತೆ ಮೊದಲಿಗಿಂತ ಹೆಚ್ಚಾಗುತ್ತದೆ. ಮದ್ಯ ಮೂತ್ರವನ್ನು ಹೆಚ್ಚಿಸಿ ರಾತ್ರಿ ಎಬ್ಬಿಸುತ್ತದೆ. ಆ ಹೊತ್ತಿಗೆ ರಕ್ತದೊತ್ತಡದ ಮಾತ್ರೆಯೂ ಸೇರಿಕೊಂಡಿದ್ದರೆ ಹಾಸಿಗೆಯಿಂದ ಎದ್ದು ನಿಂತಾಗ ಒತ್ತಡ ಥಟ್ಟನೆ ಇಳಿದು ತಲೆ ತಿರುಗುತ್ತದೆ. ನಮ್ಮಲ್ಲಿಗೆ ಮೂಳೆ ಮುರಿದುಕೊಂಡು ಬರುವ ವೃದ್ಧರನ್ನು ಬಿದ್ದದ್ದು ಎಷ್ಟು ಗಂಟೆಗೆ ಎಂದು ನಾನು ಮೊದಲು ಕೇಳುವುದು ಇದಕ್ಕಾಗಿಯೇ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಕುಡಿದು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಮತ್ತು ಮನೆಯವರು ಅದನ್ನು ಅಮಲೆಂದೇ ತಿಳಿದು ಮಲಗಿಸಿಬಿಡುತ್ತಾರೆ.

ಇನ್ನು ಪೆಗ್ಗು ಎಂದರೆ ಎಷ್ಟು? ಬಾಟಲಿಯ ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ, 30 ಮಿ.ಲೀ.ಯ ಸಣ್ಣ ಪೆಗ್ಗಿಗೆ ಸುಮಾರು 10 ಗ್ರಾಂ. ಮನೆಯ ಸ್ಟೀಲು ಲೋಟಕ್ಕೆ ಕಣ್ಣಂದಾಜಿನಲ್ಲಿ ಹೊಯ್ದದ್ದು 60 ಮಿ.ಲೀ. ಆಗಿರುವುದೇ ಹೆಚ್ಚು. ಮೊಮ್ಮಗನೂ ಬೀಗಬೇಕಾಗಿಲ್ಲ: ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿ ಒಂದರಲ್ಲೇ ನಾಲ್ಕು ಸಣ್ಣ ಪೆಗ್ಗಿನಷ್ಟು ಮದ್ಯಸಾರವಿದೆ. ಒಂದೇ ರಾತ್ರಿ ಎರಡು ಬಾಟಲಿ ಮುಗಿಸಿ ಆರು ದಿನ ಸುಮ್ಮನಿರುವುದನ್ನು ವೈದ್ಯರು ಮಿತವೆಂದು ಕರೆಯುವುದಿಲ್ಲ.

ಉತ್ತರ (ಮಂಜೇಶ್ವರದ ನಿವೃತ್ತ ಅಧ್ಯಾಪಕ)

70ರ ಅಜ್ಜನನ್ನು 25ರ ಮೊಮ್ಮಗನೊಡನೆ ತೂಗಿದರೆ ತಲೆಮಾರಿನ ವ್ಯತ್ಯಾಸ ಸಿಗುವುದಿಲ್ಲ, ಬರಿಯ ವಯಸ್ಸಿನ ವ್ಯತ್ಯಾಸ ಸಿಗುತ್ತದೆ. ತೂಗಬೇಕಾದುದು ಅಜ್ಜನ 25ನ್ನು ಮೊಮ್ಮಗನ 25ರೊಡನೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಹೀಗೆ ತೂಗಿ ನೋಡಿಯೇ, 2000ದ ನಂತರ ಬೆಳೆದ ಯುವಕರು ಹಿಂದಿನವರು ಅದೇ ವಯಸ್ಸಿನಲ್ಲಿ ಕುಡಿಯುತ್ತಿದ್ದುದಕ್ಕಿಂತ ಕಡಿಮೆ ಕುಡಿಯುತ್ತಾರೆಂದು ಕಂಡುಕೊಂಡಿದ್ದಾರೆ. ಅದನ್ನು ಎತ್ತಿ ತಂದು ಕಾಸರಗೋಡಿಗೆ ಹೊಂದಿಸುವುದು ಅವಸರದ ಮಾತಾದೀತು. ವಯಸ್ಸಾದವರೆಲ್ಲ ಹಿತಮಿತವಾಗಿ ಕುಡಿಯುತ್ತಾರೆಂಬ ನಮ್ಮ ಭಾವನೆಯಲ್ಲೂ ಒಂದು ಮೋಸವಿದೆ: ಮಿತಿಯಿಲ್ಲದೆ ಕುಡಿದವರಲ್ಲಿ ಅನೇಕರು 60ನ್ನು ಕಾಣದೆ ಹೋಗಿದ್ದಾರೆ, ಕೆಲವರು ಪೂರ್ತಿ ಬಿಟ್ಟಿದ್ದಾರೆ, ಕಣ್ಣಿಗೆ ಬೀಳುವವರು ಉಳಿದವರು.

ನನ್ನ ಮಟ್ಟಿಗೆ ಇಲ್ಲಿ ಬದಲಾದ ದೊಡ್ಡ ಸಂಗತಿ ಪಾನೀಯದ ಸ್ವಭಾವ. ಮೂರ್ತೆಯವರು ಮರದಿಂದ ಇಳಿಸುವ ಕಳ್ಳು ಬೆಳಗ್ಗೆ ಸಿಹಿಯಾಗಿದ್ದು ಸಂಜೆಗೆ ಹುಳಿಯಾಗುತ್ತದೆ; ಮರುದಿನಕ್ಕೆ ಇಟ್ಟರೆ ವಿನೆಗರಿನ ದಾರಿ ಹಿಡಿಯುತ್ತದೆ. ಕೂಡಿಡಲಾಗದ ವಸ್ತುವಾದ್ದರಿಂದ ಕುಡಿಯುವವನು ಅಂಗಡಿಗೇ ಹೋಗಬೇಕಿತ್ತು, ಹೊತ್ತಿಗೆ ಸರಿಯಾಗಿ ಹೋಗಬೇಕಿತ್ತು, ಊರಿನ ನಾಲ್ಕು ಜನರ ಕಣ್ಣೆದುರು ಕೂರಬೇಕಿತ್ತು. ದೈವಕ್ಕೆ ಎಡೆಯಿಡುವ ಅಗೆಲಿನಲ್ಲಿ ಕಳ್ಳು ಇಡುವಾಗಲೂ ಅದಕ್ಕೊಂದು ದಿನ, ಒಂದು ಕ್ರಮ ಇತ್ತು. ಹಾಗೆಂದು ಆ ಕಾಲವನ್ನು ಹೊಗಳಲಾರೆ. ಗೇರುಹಣ್ಣಿನ ಕಾಲದಲ್ಲಿ ಕದ್ದು ಬಟ್ಟಿಯಿಳಿಸಿದ ಗಂಗಸರದಿಂದ ಹಾಳಾದ ಮನೆಗಳನ್ನು ನಮ್ಮ ಪ್ರಾಯದವರೆಲ್ಲ ಬಲ್ಲರು. ಬಾಟಲಿಯಾದರೋ ಕಪಾಟಿನಲ್ಲಿ ವರುಷಗಟ್ಟಲೆ ಕೆಡದೆ ಕೂತಿರುತ್ತದೆ. 2014ರಲ್ಲಿ ಪಂಚತಾರಾ ಹೋಟೆಲುಗಳ ಹೊರತಾಗಿ ಉಳಿದ ಬಾರುಗಳನ್ನು ಮುಚ್ಚುವ ನೀತಿ ಬಂದಾಗ ಕುಡಿತ ಬಾರಿನಿಂದ ಮನೆಯ ಹಿತ್ತಿಲಿಗೆ ಸರಿದುದನ್ನೂ, 2017ರಲ್ಲಿ ತ್ರಿತಾರಾ ಹೋಟೆಲುಗಳಿಗೆ ಮತ್ತೆ ಅನುಮತಿ ಸಿಕ್ಕಾಗ ಅದು ಪೂರ್ತಿಯಾಗಿ ಹಿಂದಿರುಗದೇ ಉಳಿದುದನ್ನೂ ನಾನು ಕಂಡಿದ್ದೇನೆ. ಕುಡಿಯುವ ವಯಸ್ಸನ್ನು ಕೇರಳವು 21ರಿಂದ 23ಕ್ಕೆ ಏರಿಸಿದೆ. ಕರ್ನಾಟಕದ ಗಡಿಯಾದ ತಲಪಾಡಿಯ ಆಚೆಯಿಂದ ಅಗ್ಗದ ಮದ್ಯದ ಪ್ಯಾಕೆಟು ಬರುವ ಊರಿನಲ್ಲಿ ಆ ಅಂಕೆಯ ಬಲ ಎಷ್ಟೆಂಬುದನ್ನು ಗಡಿಯವರಿಗೆ ವಿವರಿಸಬೇಕಾಗಿಲ್ಲ.

ಉತ್ತರ (ಪೆರ್ಲದ ಗೃಹಿಣಿ)

ಮಾಸ್ತರರು ಮದುವೆಮನೆಯನ್ನು ಬಿಟ್ಟುಬಿಟ್ಟರು. ನಮ್ಮ ಮದುವೆಯ ಕಾಲಕ್ಕೆ ಹಿಂದಿನ ರಾತ್ರಿ ಎಂದರೆ ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು. ಕುಡಿಯುವವರು ತೋಟದ ಬದಿಯಲ್ಲಿ ಕುಡಿದು ಹಿರಿಯರ ಕಣ್ಣು ತಪ್ಪಿಸುತ್ತಿದ್ದರು. ಈಗಿನ ಮೆಹಂದಿ ರಾತ್ರಿಯಲ್ಲಿ ಶಾಮಿಯಾನದ ಹಿಂದೆ ಒಂದು ಮೇಜು ಕಡ್ಡಾಯ. ಅದರ ಖರ್ಚು ಅಡುಗೆಯವರ ಲೆಕ್ಕದ ಪಕ್ಕದಲ್ಲೇ ಬರೆದಿರುತ್ತದೆ, ಇಲ್ಲದಿದ್ದರೆ ಮನೆಯವರು ಜಿಪುಣರೆನಿಸುತ್ತಾರೆ. ಮೊದಲ ಗುಟುಕನ್ನು ಮಾವನ ಕೈಯಿಂದಲೇ ಪಡೆದ ಹುಡುಗರನ್ನು ನಾನು ನೋಡಿದ್ದೇನೆ. ಹುಡುಗರನ್ನು ದೂರುವ ಮುನ್ನ ಆ ಮೇಜಿಗೆ ದುಡ್ಡು ಕೊಟ್ಟವರು ಯಾವ ತಲೆಮಾರಿನವರೆಂದು ಕೇಳಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಂದೆಯವರ ಲೋಟವನ್ನು ಮಗುವಿನ ಔಷಧದ ಅಳತೆ ಮುಚ್ಚಳದಿಂದ ಅಳೆದೆ. ಅವರ ಎರಡು ಪೆಗ್ಗು 130 ಮಿ.ಲೀ. ಮೀರುತ್ತದೆ. ನಾಳೆಯಿಂದಲೇ ಬಾಟಲಿಯನ್ನು ಎತ್ತಿಡಬೇಕೆಂದಿದ್ದೇನೆ.

ಉತ್ತರ (ಕುಂಬಳೆಯ ದಾದಿ)

ದಯವಿಟ್ಟು ಹಾಗೆ ಮಾಡಬೇಡಿ. ಹತ್ತಾರು ವರ್ಷ ದಿನವೂ ಕುಡಿದವರಿಗೆ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರೆಯಿಲ್ಲದಿರುವುದು ಮೊದಲಾಗಿ, ಕೆಲವರಿಗೆ ಎರಡು ಮೂರು ದಿನಗಳಲ್ಲಿ ಅಪಸ್ಮಾರದಂತಹ ಸೆಳೆತ ಅಥವಾ ಭ್ರಮೆ ಬರಬಹುದು; ಅದು ಪ್ರಾಣಾಪಾಯಕ್ಕೂ ತಿರುಗುತ್ತದೆ. ಮಾತ್ರೆಗಳ ಚೀಟಿಯನ್ನೂ ಈ 130ರ ಲೆಕ್ಕವನ್ನೂ ವೈದ್ಯರ ಮುಂದಿಟ್ಟು, ಹಂತಹಂತವಾಗಿ ಇಳಿಸುವ ಕ್ರಮವನ್ನು ಅವರಿಂದಲೇ ಬರೆಸಿಕೊಳ್ಳಿ. ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ವ್ಯಸನಮುಕ್ತಿ ಕೇಂದ್ರ ನಮ್ಮ ಜಿಲ್ಲೆಯಲ್ಲೂ ಇದೆ. ಅಲ್ಲಿಯವರೆಗೆ ರಾತ್ರಿ ಬಚ್ಚಲಿನ ದಾರಿಯಲ್ಲಿ ಒಂದು ದೀಪ ಉರಿಯುತ್ತಿರಲಿ, ಊಟ ಮೊದಲಾಗಲಿ, ಮತ್ತು ಲೋಟಕ್ಕೆ ಹೊಯ್ಯುವ ಕೆಲಸವನ್ನು ಅವರ ಒಪ್ಪಿಗೆ ಪಡೆದು ತಾವೇ ವಹಿಸಿಕೊಳ್ಳಿ.