ಸಹಾಯ ಬೇಕು: ಮಳೆಗಾಲದಲ್ಲೂ ಕೆಡದ ಅಂಟು ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆ ಅಂಗನವಾಡಿ ಕಾರ್ಯಕರ್ತೆ. ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ವಲ್ಲ, ಅದ್ರಲ್ಲಿ ಒಂದು ಚಿಟ್ಟೆ ಕತೆ ಓದಿ ಹೇಳಿ, ಅದನ್ನೇ ಮಕ್ಕಳ ಕೈಲಿ ರಟ್ಟಿನ ಮೇಲೆ ಮಾಡಿಸ್ತಿದೀನಿ. ಮೊಟ್ಟೆಗೆ ಸಾಬಕ್ಕಿ, ಕಂಬಳಿಹುಳಕ್ಕೆ ಹೆಸರುಕಾಳು, ಗೂಡಿಗೆ ಹುಣಸೆಬೀಜ, ರೆಕ್ಕೆಗೆ ಒಣಗಿದ ಎಲೆ. 3 ವರ್ಷದ ಪುಟ್ಟಿಯೂ ನಾಲಿಗೆ ಹೊರಗೆ ಹಾಕ್ಕೊಂಡು ಒಂದೊಂದೇ ಕಾಳು ಹಿಡಿದು ಅಂಟಿಸ್ತಾಳೆ. (ಕಾಳು ಮೂಗಿಗೆ ಹೋಗದ ಹಾಗೆ ಕಾಯೋದು ಬೇರೆ ಕೆಲಸ ಬಿಡಿ!)

ತೊಂದ್ರೆ ಇರೋದು ಅಂಟಿನದು. ಮೈದಾ ಕಾಯಿಸಿ ಮಾಡ್ತೀನಿ. ಈ ಮಳೆಗೆ ಮಾರನೇ ದಿನವೇ ಹುಳಿ ವಾಸನೆ, ಆಮೇಲೆ ಬೂಷ್ಟು. ಗೋಡೆಗೆ ಹಾಕಿದ ಚಿತ್ರಕ್ಕೆ ಇರುವೆ ಸಾಲು. ಉಪ್ಪು ಹಾಕಿದ್ರೆ ರಟ್ಟು ಇನ್ನೂ ತೇವ ಎಳ್ಕೊಳ್ತು. ಲವಂಗ ಹಾಕಿ ಕುದಿಸಿದೆ, ವಾಸನೆ ಕಮ್ಮಿಯಾಯ್ತು, ಬೂಷ್ಟು ಹೋಗ್ಲಿಲ್ಲ. ಅಂಗಡಿಯ ಬಿಳಿ ಗೋಂದು ಚೆನ್ನಾಗಿ ನಿಲ್ಲುತ್ತೆ, ಆದ್ರೆ ಇಷ್ಟು ಮಕ್ಕಳಿಗೆ ಕೈಯಿಂದ ದುಡ್ಡು ಹಾಕಿ ಪೂರೈಸಲ್ಲ. ಪುಸ್ತಕ ಬೈಂಡಿಂಗ್ ಮಾಡೋರೊಬ್ಬರು ಮೈಲುತುತ್ತ ಹಾಕಿ, ಹುಳ ಬರಲ್ಲ ಅಂದ್ರು. ಅದು ವಿಷ, ನಮ್ಮವು ಬೆರಳು ಚೀಪೋ ಮಕ್ಕಳು, ಅದಂತೂ ಬೇಡವೇ ಬೇಡ.

ನನಗೆ ಗೊತ್ತಾಗದೆ ಇರೋದು ಇಷ್ಟೇ: ಮೈದಾ ಅಂಟಿಗೇ ಬೇರೆ ಏನಾದ್ರೂ ಸೇರಿಸಬೇಕಾ, ಇಲ್ಲ ಅಂಟಿಸಿದ ಮೇಲೆ ಒಲೆ ಹತ್ರ ಇಟ್ಟು ಒಣಗಿಸೋ ಕ್ರಮ ಬದಲಿಸಬೇಕಾ? ಬಾಯಿಗೆ ಹೋದ್ರೂ ಅಪಾಯ ಇಲ್ಲದ ಅಂಟನ್ನ ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಮಾಡಿ ನೋಡಿದವರು ಯಾರಾದ್ರೂ ಇದ್ರೆ ಅಳತೆ ಸಮೇತ ಹೇಳ್ತೀರಾ?