ದುರ್ಗದ ಇತಿಹಾಸ ಓದಲಿಕ್ಕೆ ಅಚ್ಚಿನ ಪುಸ್ತಕ ಕೊಳ್ಳಬೇಕೋ, ಪಿಡಿಎಫ್ ಸಾಕೋ?

ಬೆಣ್ಣೆನಗರಿ (ದಾವಣಗೆರೆ):

ಚಿತ್ರದುರ್ಗದ ಪಾಳೆಯಗಾರರ ಕಾಲ, ದಾವಣಗೆರೆ–ಹರಿಹರ ಸೀಮೆಯ ಶಾಸನಗಳು, ಈ ಎರಡರ ಮೇಲೆ ಒಂದು ಸಣ್ಣ ಸಂಗ್ರಹ ಮಾಡಬೇಕೆಂದಿದೆ. ಐದು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಹಳೆಯ ಶಾಸನ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅವನ್ನೇ ಮತ್ತೆ ಅಚ್ಚು ಹಾಕಿ ಮಾರುವವರೂ ಇದ್ದಾರೆ. ಯಾವುದಕ್ಕೆ ದುಡ್ಡು ಹಾಕಲಿ, ಯಾವುದನ್ನು ಇಳಿಸಿಕೊಂಡರೆ ಸಾಕು? ಓದುವುದು ಹತ್ತು ಇಂಚಿನ ಟ್ಯಾಬ್‌ನಲ್ಲಿ. ಲೇಖನಗಳಿಗೆ ಅಡಿಟಿಪ್ಪಣಿ ಕೊಡಬೇಕಾಗುತ್ತದೆ, ಅದಕ್ಕೇ ಈ ಪ್ರಶ್ನೆ.

ಕಲ್ಲುಬರಹ:

ಶಾಸನ ಸಂಪುಟಕ್ಕೆ ದುಡ್ಡು ಹಾಕಬೇಡಿ. ಕಾರಣ ಬೆಲೆಯೊಂದೇ ಅಲ್ಲ, ನಿಮಗೆ ಬೇಕಾದ ಸೀಮೆ ಒಂದೇ ಸಂಪುಟದಲ್ಲಿ ಇಲ್ಲವೇ ಇಲ್ಲ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ (ಎ.ಕ.) ಎಂಬ ಶಾಸನ ಸಂಪುಟಗಳನ್ನು ತಂದ ಕಾಲಕ್ಕೆ ದಾವಣಗೆರೆ, ಜಗಳೂರು ಎರಡೂ ಚಿತ್ರದುರ್ಗದ ತಾಲ್ಲೂಕುಗಳು. ಹಾಗಾಗಿ ಅವು 11ನೇ ಸಂಪುಟದಲ್ಲಿವೆ. ಹರಿಹರದ ಶಾಸನಗಳೂ ಅಲ್ಲೇ ಇವೆ, ಆದರೆ ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಡಿ. 'ಹರಿಹರ' ಅಂತ ಬೇರೆ ತಲೆಬರಹ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗಕ್ಕೆ ಸೇರಿದ್ದವು, ಅವಕ್ಕೆ 7ನೇ ಸಂಪುಟ ನೋಡಬೇಕು. 2018ರವರೆಗೆ ನಿಮ್ಮ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ್ದು. ಅದಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟ. ಈ ಮೂರನ್ನೂ ಅಚ್ಚಿನಲ್ಲಿ ತಂದರೆ ನಿಮ್ಮ ದುಡ್ಡು ಅಲ್ಲಿಗೇ ಮುಗಿಯಿತು.

ಇಳಿಸುವಾಗ ಒಂದು ಎಚ್ಚರ ಇರಲಿ. ರೈಸ್ ಅವರ ಸಂಪುಟದಲ್ಲಿ ಇಂಗ್ಲಿಷ್ ಪೀಠಿಕೆ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ ಹೀಗೆ ಭಾಗಗಳಿವೆ, ಭಾಗ ಬದಲಾದಾಗ ಪುಟಸಂಖ್ಯೆಯೂ ಹೊಸದಾಗಿ ಶುರುವಾಗುತ್ತದೆ. ಒಂದೇ ಸಂಪುಟದ ಎರಡು ಮೂರು ಪ್ರತಿಗಳು ಬೇರೆ ಬೇರೆ ಗ್ರಂಥಾಲಯಗಳಿಂದ ಸ್ಕ್ಯಾನ್ ಆಗಿರುತ್ತವೆ. ಕೆಲವದರಲ್ಲಿ ಕನ್ನಡ ಪಾಠದ ಕೊನೆಯ ಹಾಳೆಗಳೇ ಇರುವುದಿಲ್ಲ. ಮೊದಲು ಕೊನೆಗೆ ಹೋಗಿ ಹಿರಿಯೂರು, ಹೊಳಲ್ಕೆರೆ, ಮೊಳಕಾಲ್ಮೂರು, ಚಳ್ಳಕೆರೆ ಎಲ್ಲ ಇವೆಯೇ ನೋಡಿ, ಆಮೇಲೆ ಇಟ್ಟುಕೊಳ್ಳಿ. ಪಿಡಿಎಫ್ ದೊಡ್ಡದು ಮಾಡಿದಾಗ ಒತ್ತಕ್ಷರ ಕಲಸಿದಂತೆ ಕಂಡರೆ ಅದು ಕುಗ್ಗಿಸಿದ ಕಡತ. ಅದೇ ಪುಟದ ಡೌನ್‌ಲೋಡ್ ಪಟ್ಟಿಯಲ್ಲಿ 'ಜೆಪಿ2' ಜಿಪ್ ಇರುತ್ತದೆ, ಅದರಲ್ಲಿ ಒಂದೊಂದು ಪುಟವೂ ಹೆಚ್ಚು ಸ್ಪಷ್ಟವಾದ ಚಿತ್ರ.

ಅಡಿಟಿಪ್ಪಣಿಯಲ್ಲಿ ಪಿಡಿಎಫ್‌ನ ಪುಟಸಂಖ್ಯೆ ಬರೆಯಲೇಬೇಡಿ. ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಇಷ್ಟು ಕೊಡಿ: ಎ.ಕ. 11, ಮೊಳಕಾಲ್ಮೂರು 21 ಅಂದರೆ ಬ್ರಹ್ಮಗಿರಿಯ ಅಶೋಕನ ಶಾಸನ, ಓದುವವರು ಯಾವ ಪ್ರತಿಯಲ್ಲಾದರೂ ತೆಗೆದು ನೋಡುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತರುತ್ತಿರುವ ಪರಿಷ್ಕೃತ ಸಂಪುಟಗಳ ಸಂಖ್ಯೆ ಬೇರೆ. ಹಳೆಯದರ ಸಂಖ್ಯೆಗೆ ಹೊಸ ಸಂಪುಟದ ಹೆಸರು ಅಂಟಿಸುವುದು ನಮ್ಮ ಲೇಖನಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಕೋಟೆಬಾಗಿಲು:

ಪಾಠಕ್ಕೆ ಪಿಡಿಎಫ್ ಸಾಕು, ಚಿತ್ರಫಲಕಕ್ಕೆ ಸಾಲದು. ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಮೂರೇ ಸಾಲಿನದು, ಕೆರೆಯ ಕುರಿತಾದ್ದು. ಎಂ.ಎಚ್. ಕೃಷ್ಣ ಅವರ ಓದನ್ನು ಆಮೇಲಿನವರು ಒಪ್ಪದೆ ಬೇರೆ ಓದು ಕೊಟ್ಟರು. ಇಂಥ ಕಡೆ ಅಚ್ಚಾದ ಪಾಠವನ್ನು ನಂಬಿ ಕೂರುವಂತಿಲ್ಲ, ಅಚ್ಚುಪಡಿಯ (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿ) ಚಿತ್ರ ನೋಡಲೇಬೇಕು. ಹಳೆಯ ಸ್ಕ್ಯಾನುಗಳು ಬರೀ ಕಪ್ಪು–ಬಿಳುಪು, ನಡುವಿನ ಬೂದು ಛಾಯೆ ಇಲ್ಲ. ಅವುಗಳಲ್ಲಿ ಕಲ್ಲಿನ ಚಿತ್ರ ಮಸಿ ಚೆಲ್ಲಿದಂತೆ ಕಾಣುತ್ತದೆ. ಮಡಿಸಿದ ನಕಾಶೆಗಳ ಗತಿಯೂ ಅದೇ. ಪುರಾತತ್ವಜ್ಞ ವೀಲರ್ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿ ಅಗೆಸಿದ ವರದಿ ಏನ್ಶಿಯಂಟ್ ಇಂಡಿಯಾ ಪತ್ರಿಕೆಯ 4ನೇ ಸಂಚಿಕೆಯಲ್ಲಿದೆ. ಅದರಂಥ ವರದಿಯಲ್ಲಿ ಪದರಗಳ ನಕ್ಷೆಯೇ ಜೀವ. ಸ್ಕ್ಯಾನ್ ಮಾಡುವವರು ಮಡಿಕೆ ಬಿಚ್ಚದೆ ಹಾಗೇ ತೆಗೆದಿದ್ದರೆ ಅರ್ಧ ನಕ್ಷೆ ಹೋಯಿತು. ಅದಕ್ಕೆಂದು ಪುಸ್ತಕ ಕೊಳ್ಳಬೇಕಿಲ್ಲ, ಗ್ರಂಥಾಲಯದಲ್ಲಿ ಮೂಲ ತೆಗೆಸಿ ಬೇಕಾದ ಫಲಕವನ್ನಷ್ಟೇ ಫೋಟೊ ತೆಗೆದುಕೊಳ್ಳಿ. ಚಂದ್ರವಳ್ಳಿಯಂತೂ ದುರ್ಗದ ಪಕ್ಕದಲ್ಲೇ ಇದೆಯಲ್ಲ, ಟ್ಯಾಬ್ ಹಿಡಿದು ಬಂಡೆಯ ಮುಂದೆಯೇ ನಿಂತರಾಯಿತು.

ಅರ್ಕಾವತ್ತು:

ಪಿಡಿಎಫ್ ಇದ್ದರೆ ಹುಡುಕಬಹುದು ಅಂತ ಎಲ್ಲರೂ ಹೇಳುತ್ತಾರೆ. ಕನ್ನಡದಲ್ಲಿ ಅದು ಅಷ್ಟು ಸಲೀಸಲ್ಲ.

ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಒಳಗೆ ಬೇರೆಯೇ ಸಂಕೇತ. ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ, ಇಂಗ್ಲಿಷ್ ಅಕ್ಷರಗಳ ಕಿಚಡಿ ಬಂದರೆ ಅದರಲ್ಲಿ ಹುಡುಕಾಟ ನಡೆಯುವುದಿಲ್ಲ. ಪುಟಗಳನ್ನು 300 ಡಿಪಿಐ ಚಿತ್ರ ಮಾಡಿಕೊಂಡು ಟೆಸೆರಾಕ್ಟ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಎಂಬುದರ ಕನ್ನಡ ಮಾದರಿಯಲ್ಲಿ ಓಡಿಸಿ. ಬಂದ ಪಠ್ಯವನ್ನು ಹುಡುಕಲು ಮಾತ್ರ ಬಳಸಿ, ಉಲ್ಲೇಖಕ್ಕೆ ಪುಟದ ಚಿತ್ರವೇ ಪ್ರಮಾಣ. ಯಾಕೆಂದರೆ ಸೊನ್ನೆ '೦' ಮತ್ತು ಅನುಸ್ವಾರ 'ಂ' ನೋಡಲಿಕ್ಕೆ ಒಂದೇ, ಯಂತ್ರ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತದೆ. ಆಗ ಶಕ ೧೧೦೫ ಹುಡುಕಿದರೆ ಸಿಗದು. 'ಧ'ದ ಹೊಟ್ಟೆ ಸೀಳಿದ ಗೆರೆ ಮಸುಕಾಗಿದ್ದರೆ 'ದ' ಆಗುತ್ತದೆ. ಱ, ೞ ಬಂದ ಕಡೆ ಏನು ಬರುತ್ತದೆಂದು ಹೇಳುವಂತೆಯೇ ಇಲ್ಲ.

ತಮಾಷೆಯ ಇನ್ನೊಂದು: ಅರ್ಕಾವತ್ತಿನ ಬದಲು ಅಂಕಿ ೯ ಒತ್ತುವ ಅಭ್ಯಾಸ. 'ಚಿತ್ರದುರ್ಗ' ಸಿಗದಿದ್ದರೆ 'ಚಿತ್ರದುಗ೯' ಅಂತಲೂ ಹುಡುಕಿ. ವಿಭಕ್ತಿ ಬಿಟ್ಟು 'ಮದಕರಿ', 'ಭರಮಣ್ಣ' ಎಂದಷ್ಟೇ ಹಾಕಿ. ಊರಿನ ಹಳೆಯ ಹೆಸರುಗಳೂ ಜೊತೆಗಿರಲಿ, ದುರ್ಗಕ್ಕೆ ಬೆಮ್ಮತ್ತನಕಲ್ಲು, ಹರಿಹರಕ್ಕೆ ಕೂಡಲೂರು.

ಬೆಣ್ಣೆನಗರಿ:

೯ರ ವಿಷಯ ಗೊತ್ತಿರಲಿಲ್ಲ, ಧನ್ಯವಾದ. ಹಾಗಾದರೆ ಐದು ಸಾವಿರವನ್ನು ಪಾಳೆಯಗಾರರ ಕಡೆಗೇ ಹಾಕಲೇ? ಆ ಪುಸ್ತಕಗಳನ್ನು ಕೊಳ್ಳುವಾಗ ಏನು ನೋಡಬೇಕು?

ಹೊಲಿಗೆಬೈಂಡು:

ಹೌದು, ಅಲ್ಲಿಗೇ ಹಾಕಿ. ಪಾಳೆಯಗಾರರ ಇತಿಹಾಸ ಹೆಚ್ಚಾಗಿ ಕೈಫಿಯತ್ತು, ಬಖೈರುಗಳಿಂದ (ಊರು, ಮನೆತನಗಳ ಬಗ್ಗೆ ಬರೆದಿಟ್ಟ ಹಳೆಯ ವೃತ್ತಾಂತಗಳಿಂದ) ಬಂದದ್ದು, ಅಲ್ಲಿ ಪಾಠಾಂತರ ಮತ್ತು ಸಂಪಾದಕರ ಟಿಪ್ಪಣಿಯೇ ಮುಖ್ಯ. ಒಂದು ಬೆರಳು ಪಾಠದಲ್ಲಿ, ಇನ್ನೊಂದು ಟಿಪ್ಪಣಿಯಲ್ಲಿ ಇಟ್ಟು ಓದುವ ಕೆಲಸ ಟ್ಯಾಬ್‌ನಲ್ಲಿ ಆಗುವುದಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯ ತಂದ ಕೈಫಿಯತ್ತುಗಳ ಸಂಪುಟದಿಂದ ಶುರು ಮಾಡಿ. ಎಂ.ಎಸ್. ಪುಟ್ಟಣ್ಣನವರ 'ಚಿತ್ರದುರ್ಗದ ಪಾಳೆಯಗಾರರು' ಮಾತ್ರ ಇಳಿಸಿಕೊಂಡರೂ ತಪ್ಪಿಲ್ಲ. ಅವರು ತೀರಿಕೊಂಡದ್ದು 1930ರಲ್ಲಿ, ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಲೆಕ್ಕ. ಅದಕ್ಕಿಂತ ಈಚಿನವರ ಪುಸ್ತಕ ಟೆಲಿಗ್ರಾಂನಲ್ಲಿ ತಿರುಗುತ್ತಿದ್ದರೆ ಅದು ಕಳ್ಳಪ್ರತಿ. ಸಾವಿರ ಪ್ರತಿ ಹಾಕುವ ಪ್ರಕಾಶಕರ ಹೊಟ್ಟೆಗೆ ಹೊಡೆಯಬೇಡಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಂತೆ) ಎಣಿಸಿ. ಡೆಮಿ ಅಷ್ಟಮ ಎಂಬ ಪುಸ್ತಕದ ಅಳತೆಯಲ್ಲಿ ಸಾಮಾನ್ಯವಾಗಿ ಒಂದು ಫಾರಂ ಎಂದರೆ 16 ಪುಟ, ಆದ್ದರಿಂದ 1, 17, 33, 49, 65 ಹೀಗೆ ತಿರುವಿ ಹಾಕಿದರೆ ಸಾಕು. 32 ಆದ ಮೇಲೆ ನೇರ 49 ಬಂದರೆ ಒಂದು ಫಾರಂ ಬಿಟ್ಟುಹೋಗಿದೆ, 17 ಎರಡು ಸಲ ಬಂದರೆ ಒಂದೇ ಫಾರಂ ಎರಡು ಸಲ ಸೇರಿದೆ. ಪೀಠಿಕೆಗೆ ಬೇರೆ ಸಂಖ್ಯೆ ಕೊಟ್ಟು ಅದನ್ನು ಮೊದಲ ಫಾರಂನಲ್ಲೇ ಸೇರಿಸಿದ್ದರೆ ಈ ಸಂಖ್ಯೆಗಳು ಅಷ್ಟು ಹಿಂದಕ್ಕೆ ಸರಿಯುತ್ತವೆ.

ಬೆನ್ನನ್ನು ಮೇಲಿನಿಂದ ನೋಡಿ. ಮಡಿಸಿದ ಕಂತೆಗಳ ಸಾಲು ಕಂಡು ನಡುವೆ ದಾರ ಸಿಕ್ಕರೆ ಹೊಲಿಗೆ. ಬಿಡಿ ಹಾಳೆಗಳ ಅಂಚು ಸಪಾಟಾಗಿ ಅಂಟಿನಲ್ಲಿ ಮುಳುಗಿದ್ದರೆ ಅಂಟು ಬೈಂಡಿಂಗ್. ಆಕರಗ್ರಂಥವನ್ನು ಮೇಜಿನ ಮೇಲೆ ಅಂಗಾತ ತೆರೆದಿಡಬೇಕಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಒಣಗಿದ ಅಂಟು ಬಿರಿದು ಹಾಳೆ ಕೈಗೆ ಬರುತ್ತದೆ. ಬಿಟ್ಟ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಕೆಲ ವರ್ಷಕ್ಕೆ ಅದು ಹಳದಿಯಾಗಿ ಅಕ್ಷರದ ಮೇಲೂ ಕಲೆ ಬಿಡುತ್ತದೆ. ಮತ್ತೆ ಬೈಂಡ್ ಮಾಡಿಸುವುದಾದರೆ ಬೈಂಡರ್‌ಗೆ ಎರಡು ಮಾತು ಮೊದಲೇ ಹೇಳಿ: ಅಂಚು ಕಟಿಂಗ್ ಬೇಡ, ಪಕ್ಕದ ಹೊಲಿಗೆ ಬೇಡ. ದಬ್ಬಣದಿಂದ ಪಕ್ಕಕ್ಕೆ ಹೊಲಿದರೆ ಒಳಅಂಚು ಅರ್ಧ ಇಂಚು ಹೋಗಿ ಸಾಲಿನ ತುದಿಯ ಅಕ್ಷರಗಳು ಬೆನ್ನಿನೊಳಗೆ ಸೇರುತ್ತವೆ.

ಸ್ಕ್ಯಾನ್‌ನಿಂದ ಅಚ್ಚು ಹಾಕಿ ಮಾರುವ ಮರುಮುದ್ರಣದ ಬಗ್ಗೆ ಕೇಳಿದ್ದಿರಿ. ಕೊಳ್ಳಲೇಬೇಕೆಂದಿದ್ದರೆ ಒಂದು ಕನ್ನಡ ಪುಟ, ಒಂದು ಫಲಕದ ಫೋಟೊ ಮೊದಲೇ ತರಿಸಿಕೊಳ್ಳಿ. ಮೂಲದ ದೊಡ್ಡ ಪುಟವನ್ನು ಡೆಮಿಗೆ ಕುಗ್ಗಿಸಿದ್ದರೆ ಒತ್ತಕ್ಷರ ಇರುವೆ ಹರಿದಂತೆ ಕಾಣುತ್ತದೆ. ಅವಸರ ಇಲ್ಲದಿದ್ದರೆ ರಾಜ್ಯೋತ್ಸವದ ತಿಂಗಳವರೆಗೆ ಕಾಯಿರಿ, ಸರ್ಕಾರಿ ಪ್ರಕಟಣೆಗಳ ರಿಯಾಯಿತಿ ಮಾರಾಟ ಆಗಲೇ ನಡೆಯುವುದು.